ಇಬ್ಬರು ಅಧ್ಯಕ್ಷರು, ಒಬ್ಬ ಉಪಾಧ್ಯಕ್ಷ

ನಮ್ಮ ಶಾಲೆಯ ನಾಲ್ಕನೆಯ ಇಯತ್ತೆಯ ಪುಸ್ತಕದಲ್ಲಿ ದೇಶದ ಮೊದಲ ಅಧ್ಯಕ್ಷರ ಬಗ್ಗೆ ಒಂದು ಪಾಠವಿದೆ. ಅಜ್ಜಪ್ಪ ಪೈಲ್ವಾನರು ಪ್ರಮಾಣವಚನ ಸ್ವೀಕರಿಸಿದ ಗಳಿಗೆಯಲ್ಲೇ ಜನರ ನೋವನ್ನೆಲ್ಲ ನಗುನಗುತ್ತ ಹೊತ್ತುಕೊಂಡರು ಎಂದು ಅದರಲ್ಲಿ ಬರೆದಿದೆ. ಬರೆದವರು ವೆಂಕಣ್ಣ ಮಾಸ್ತರು. ಒಳ್ಳೆಯ ಮನುಷ್ಯ, ನನಗೆ ಅಕ್ಷರ ಕಲಿಸಿದವರೂ ಅವರೇ. ಆದರೆ ಆ ಹೊತ್ತಿನಲ್ಲಿ ಅವರು ಹೂವಿನ ಹಾರ ತರಲು ಹೋಗಿದ್ದರು. ಕಿಟಕಿಯಿಂದ ಕಣ್ಣಾರೆ ಕಂಡವಳು ನಾನು. ಪೈಲ್ವಾನರು ನಗಲಿಲ್ಲ. ಒಂದು ಕೈ ಮೀಸೆಯ ಮೇಲೆ, ಒಂದು ಕೈ ಹೊಟ್ಟೆಯ ಮೇಲೆ ಇಟ್ಟುಕೊಂಡು ‘ಯವ್ವಾ, ಸತ್ತೆ’ ಎಂದು ಕೂಗಿ, ಜಕಾತಿ ನಾಕಾದ ಕಟ್ಟೆಯ ಮೇಲಿಂದ ಕೆಳಗೆ ಬಿದ್ದು ಹೊರಳಾಡಿದರು. ಎದುರಿನ ದವಾಖಾನೆಯಲ್ಲಿ ನಾನು ಒಬ್ಬಳ ಹೆರಿಗೆ ಮಾಡಿಸುತ್ತಿದ್ದೆ. ಬೆಳಗಿನಿಂದ ಬೇನೆ ತಿನ್ನುತ್ತ ಮಲಗಿದ್ದ ಆಕೆ ಥಟ್ಟನೆ ಎದ್ದು ಕುಳಿತು, “ಚಂಪಕ್ಕಾ, ಹೊರಗ ಯಾರ ಹಂಗ ಒದರಾಕತ್ತಾರ?” ಎಂದು ಕೇಳಿದಳು.

ನಾನು ಈ ದೇಶದ ಸೂಲಗಿತ್ತಿ. ದೇಶ ಎಂದರೆ ದೊಡ್ಡದೇನಲ್ಲ, ಒಂದು ಊರು. ಎರಡು ರಾಜ್ಯಗಳ ಗಡಿ ಗುರುತು ಮಾಡುವಾಗ ಯಾವನೋ ಸಾಹೇಬ ಮೊಂಡಾದ ಪೆನ್ಸಿಲ್ಲಿನಿಂದ ಗೆರೆ ಎಳೆದನಂತೆ. ನಮ್ಮ ಊರು ಆ ಗೆರೆಯ ದಪ್ಪದೊಳಗೇ ಉಳಿದುಬಿಟ್ಟಿತು. ಆ ಕಡೆಯವರು ಈ ಕಡೆಗೆ ಸೇರಿದ್ದು ಎಂದರು, ಈ ಕಡೆಯವರು ಆ ಕಡೆಗೆ. ಎರಡು ವರ್ಷ ಅರ್ಜಿ ಹಿಡಿದು ಎರಡೂ ಕಡೆ ಅಲೆದು ಚಪ್ಪಲಿ ಸವೆಸಿದ ಮೇಲೆ, ಹೋಗಲಿ, ನಾವೇ ಒಂದು ದೇಶವಾಗೋಣ ಎಂದು ಹಿರಿಯರು ತೀರ್ಮಾನಿಸಿದರು. ಸುಂಕ ವಸೂಲಿ ನಿಂತು ಮುಚ್ಚಿಹೋಗಿದ್ದ ಜಕಾತಿ ನಾಕಾಕ್ಕೆ ಸುಣ್ಣ ಬಳಿದು ಅಧ್ಯಕ್ಷರ ಭವನ ಮಾಡಿದರು. ವೆಂಕಣ್ಣ ಮಾಸ್ತರು ಒಂದೂವರೆ ಪುಟದ ಸಂವಿಧಾನ ಬರೆದರು. ಹೆಚ್ಚು ಮತ ಬಿದ್ದವನು ಅಧ್ಯಕ್ಷ, ಸೋತವನು ಉಪಾಧ್ಯಕ್ಷ. ಹೀಗೆ ಮಾಡಿದರೆ ಜಗಳವಿರುವುದಿಲ್ಲ ಎಂದು ಮಾಸ್ತರ ಲೆಕ್ಕಾಚಾರ. ಅವರಿಗೆ ಮದುವೆಯಾಗಿರಲಿಲ್ಲ, ಇಬ್ಬರು ಒಂದೇ ಸೂರಿನಡಿ ಇರುವುದೆಂದರೆ ಏನೆಂದು ಗೊತ್ತಿರಲಿಲ್ಲ.

ಆ ಪ್ರಮಾಣವಚನದ ದಿನದಿಂದ ನಮ್ಮಲ್ಲಿ ಯಾರ ಮೈಗೆ ಏನಾದರೂ, ಗಾಯ ನಮ್ಮದು, ರಕ್ತ ನಮ್ಮದು, ನೋವು ಮಾತ್ರ ನಾಕಾಕ್ಕೆ ಹೋಗುತ್ತದೆ. ಅಧ್ಯಕ್ಷರಾಗಿರುವವರಿಗೆ ಆಗುತ್ತದೆ. ಊರು ಬಿಟ್ಟು ಎಷ್ಟು ದೂರ ಹೋದರೂ ಅಷ್ಟೆ. ಕಂಬಾರರ ಮುದುಕ ಆ ಕಡೆಯ ರಾಜ್ಯಕ್ಕೆ ಹೋಗಿ ಹರ್ನಿಯಾ ಆಪರೇಷನ್ ಮಾಡಿಸಿಕೊಂಡ ದಿನ ಪೈಲ್ವಾನರು ಇಲ್ಲಿ ಊಟದ ತಾಟು ದೂಡಿ ಮಗ್ಗುಲಾದರು. ಯಾಕೆ ಹೀಗೆ ಎಂದು ಮೊದಲ ಒಂದು ತಿಂಗಳು ಜನ ಕೇಳಿದರು. ಆಮೇಲೆ ಬಿಟ್ಟರು. ಎಲ್ಲರಿಗೂ ನೂರೆಂಟು ಕೆಲಸ.

ಜನ ಹೊಂದಿಕೊಂಡ ರೀತಿಯನ್ನು ನೋಡಬೇಕಿತ್ತು. ಕಲ್ಲು ಎಡವಿದವರು ನಾಕಾದ ಕಡೆ ತಿರುಗಿ ‘ತಪ್ಪಾತ್ರಿ’ ಎಂದು ಕೈಮುಗಿದು ಮುಂದೆ ಹೋಗುತ್ತಿದ್ದರು. ಹುಣಸೆಮರ ಹತ್ತಿದ ಹುಡುಗಿಯರಿಗೆ ತಾಯಂದಿರು ‘ಬಿದ್ದರೆ ಕೈ ಮುರಿದೀತು’ ಎನ್ನುವುದನ್ನು ಬಿಟ್ಟು ‘ಸಾವಕಾಶ ಇಳೀ, ಅಧ್ಯಕ್ಷರು ಉಣ್ಣಾಕ ಕುಂತಾರ’ ಎನ್ನತೊಡಗಿದರು. ಪೈಲ್ವಾನರೂ ಸುಮ್ಮನೆ ಕೂರಲಿಲ್ಲ. ಓಣಿಓಣಿಯ ಜಾಲಿಮುಳ್ಳು ಗುಡಿಸಿ ಹಾಕಿಸಿದರು. ಬಾವಿಯ ಮೆಟ್ಟಿಲಿನ ಚೂಪು ಅಂಚನ್ನು ಒಡ್ಡರಿಂದ ಕಟೆಸಿ ದುಂಡಗೆ ಮಾಡಿಸಿದರು. ತಿಂಗಳಿಗೊಮ್ಮೆ ಹೊರಗಿನಿಂದ ಡಾಕ್ಟರು ಬರುವಂತೆ ಮಾಡಿದರು. ಹಲ್ಲುನೋವು ಎನ್ನುವುದು ಎಷ್ಟು ಕೆಟ್ಟದ್ದು ಎಂದು ಅಧಿಕಾರದಲ್ಲಿರುವವನಿಗೆ ತಾನಾಗಿ ಗೊತ್ತಾದರೆ ಕೆಲಸ ಎಷ್ಟು ಬೇಗ ಆಗುತ್ತದೆ ಎನ್ನುವುದನ್ನು ನಾನು ಆಗ ಕಂಡೆ.

ಮೊದಲ ಉಪಾಧ್ಯಕ್ಷರು ಎಣ್ಣೆ ಗಿರಣಿಯ ಮಲ್ಲಸರ್ಜ ಸಾಹುಕಾರರು. ಹನ್ನೊಂದು ಮತದಿಂದ ಸೋತವರು. ಎತ್ತಿನಂಥ ಮೈಕಟ್ಟು, ಆದರೆ ಮನಸ್ಸು ಮಾತ್ರ ಸಾಸಿವೆಯಷ್ಟು ಎಂದು ನಾನು ಆಗ ತಿಳಿದಿದ್ದೆ. ಗಿರಣಿಯ ಹೊಗೆ ಶಾಲೆಯೊಳಗೆ ನುಗ್ಗುತ್ತದೆ, ಚಿಮಣಿ ಎತ್ತರ ಮಾಡಿಸಬೇಕು ಎಂದು ಪೈಲ್ವಾನರು ಹುಕುಂ ಹೊರಡಿಸಿದಾಗ ಸಾಹುಕಾರರು ತಮ್ಮ ಕಡೆಯ ಇಪ್ಪತ್ತೆರಡು ಮಂದಿಯನ್ನು ಕರೆದುಕೊಂಡು ಚೌಕದಲ್ಲಿ ಸಾಲಾಗಿ ಕುಳಿತರು. ಎಲ್ಲರ ಕೈಯಲ್ಲೂ ಒಂದೊಂದು ಗುಂಡುಕಲ್ಲು. ಒಂದು, ಎರಡು, ಮೂರು ಎಂದು ಎಣಿಸಿ ಎಲ್ಲರೂ ತಂತಮ್ಮ ಎಡಗಾಲಿನ ಹೆಬ್ಬೆರಳು ಜಜ್ಜಿಕೊಂಡರು. ಹುಕುಂ ಹದಿನೈದು ನಿಮಿಷದಲ್ಲಿ ವಾಪಸಾಯಿತು. ಸಂಜೆ ಇಪ್ಪತ್ಮೂರು ಜನ ಊದಿದ ಬೆರಳು ಮುಂದೆ ಚಾಚಿಕೊಂಡು ನಗುತ್ತ ನನ್ನ ದವಾಖಾನೆಯಲ್ಲಿ ಕುಳಿತಿದ್ದರು. ಸಿಟ್ಟಿಗೆ ಎಲ್ಲರ ಗಾಯಕ್ಕೂ ಟಿಂಚರ್ ಸುರಿಯೋಣವೆನ್ನಿಸಿತು. ಉರಿ ಯಾರಿಗೆ ಹೋಗುತ್ತದೆ ಎಂಬುದು ನೆನಪಾಗಿ ಬಾಟಲಿ ಕೆಳಗಿಟ್ಟೆ.

ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಒಮ್ಮೆ ಡಾಕ್ಟರು ಯಾರದೋ ದವಡೆ ಹಲ್ಲು ಕೀಳುವಾಗ ಪೈಲ್ವಾನರು ಖುರ್ಚಿಯಿಂದ ಜಾರಿದರು. ನಾಕಾದ ಜವಾನ ಓಡಿಬಂದು ಅವರ ತೋಳು ಹಿಡಿದ. ಹಿಡಿದವನೇ ಕಿಟಾರನೆ ಕಿರುಚಿ, ಎರಡು ಮಾರು ಹಾರಿ, ದವಡೆ ಒತ್ತಿಕೊಂಡು ಬಾವಿಕಟ್ಟೆಯವರೆಗೆ ಓಡಿದ. ಊರೆಲ್ಲ ಅವನ ಸುತ್ತ ಸೇರಿತು. ಲಿಂಬಿ ಶರಬತ್ತು ಕುಡಿಸಿದರು, ಬೀಸಣಿಗೆ ಬೀಸಿದರು. ಅಧ್ಯಕ್ಷರನ್ನು ಮುಟ್ಟಿದರೆ ಕೇಡು ಎಂಬ ಮಾತು ಹುಟ್ಟಿತು. ಮರುದಿನವೇ ನಾಕಾದ ಗೋಡೆಯ ಮೇಲೆ ಬರಹ ಬಂತು: ‘ಅಧ್ಯಕ್ಷರಿಗೆ ನೋವಿರುವಾಗ ಹತ್ತು ಹೆಜ್ಜೆ ದೂರ ನಿಲ್ಲತಕ್ಕದ್ದು.’ ಆ ಗಲಾಟೆಯಲ್ಲಿ ಪೈಲ್ವಾನರ ಕಡೆ ಯಾರೂ ತಿರುಗಿ ನೋಡಲಿಲ್ಲ. ನಾನೂ ನೋಡಲಿಲ್ಲ.

ನನ್ನ ಕೆಲಸವೂ ಬದಲಾಗಿತ್ತು. ಹೆರುವವಳಿಗೆ ಬೇನೆಯೇ ತಿಳಿಯದಿದ್ದರೆ ಯಾವಾಗ ಮುಕ್ಕಿರಿಯಬೇಕು ಎಂದು ಅವಳಿಗೆ ಗೊತ್ತಾಗುವುದು ಹೇಗೆ? ಅದಕ್ಕಾಗಿ ನಾನು ದವಾಖಾನೆಯ ಬಾಗಿಲಿಗೆ ಒಂದು ಗಂಟೆ ಕಟ್ಟಿಸಿ, ಅದರ ಹಗ್ಗವನ್ನು ರಸ್ತೆಯ ಮೇಲಿಂದ ಹಾಯಿಸಿ ನಾಕಾದಲ್ಲಿ ಅಧ್ಯಕ್ಷರು ಮಲಗುವ ಹೊರಸಿಗೆ ಕಟ್ಟಿಸಿದೆ. ಬೇನೆ ಬಂದಾಗ ಅಧ್ಯಕ್ಷರು ಹಗ್ಗ ಎಳೆಯಬೇಕು. ಗಂಟೆ ಬಾರಿಸಿದರೆ ನಾನು ಇಲ್ಲಿ ‘ಹೂಂ, ಜೋರು ಮಾಡು’ ಎನ್ನುವುದು. ಐದು ವರ್ಷದಲ್ಲಿ ನೂರಕ್ಕೂ ಹೆಚ್ಚು ಕೂಸುಗಳು ಆ ಗಂಟೆಯ ಮೇಲೆಯೇ ಹುಟ್ಟಿದವು.

ಐದು ವರ್ಷ ಮುಗಿದ ದಿನ ಪೈಲ್ವಾನರು ರುಮಾಲು ಕೊಡವಿ ಹೆಗಲಿಗೆ ಹಾಕಿಕೊಂಡು, “ಸಾಕ್ರಿ ಇನ್ನ,” ಎಂದು ಮನೆಗೆ ಹೋದರು. ಎರಡನೆಯ ಚುನಾವಣೆಗೆ ಮಲ್ಲಸರ್ಜ ಸಾಹುಕಾರರು ಮತ್ತೆ ನಿಂತರು. ಅವರ ಎದುರು ನಿಂತವನು ನನ್ನ ತಮ್ಮ ಶ್ರೀಶೈಲ. ಬಟ್ಟೆ ಹೊಲಿಯುವವನು, ಸಣ್ಣ ಮೈಯವನು, ಯಾರಿಗೂ ಏರಿದ ದನಿಯಲ್ಲಿ ಮಾತಾಡದವನು. ಯಾಕೆ ನಿಂತೆಯೋ ಎಂದು ಬೈದೆ. “ಬೆರಳು ಜಜ್ಜಿಕೊಂಡು ನಗೋ ಮಂದಿ ಕೈಯಾಗ ಊರ ಕೊಡಬಾರದು ಅಕ್ಕಾ,” ಎಂದ. ಎರಡೇ ಎರಡು ಮತದಿಂದ ಗೆದ್ದ. ಸಾಹುಕಾರರು ಮತ್ತೆ ಉಪಾಧ್ಯಕ್ಷರಾದರು.

ನನ್ನ ತಮ್ಮನ ಆಡಳಿತ ಬೇರೆ ನಮೂನೆಯದು. ಹೊಲಿಗೆ ಮಿಷನ್ನನ್ನು ನಾಕಾಕ್ಕೇ ತಂದಿಟ್ಟುಕೊಂಡ. ಬೆಳಿಗ್ಗೆ ಓಣಿ ಸುತ್ತುತ್ತ ಮನೆಮನೆಯ ಮುಂದೆ ನಿಂತು, “ನಿನ್ನೆಯಿಂದ ಈ ಎಡಮೊಣಕಾಲು ಯಾರದ್ರೀ?” ಎಂದು ಕೇಳುವನು. ಯಾವುದೋ ಮುದುಕಿ ಒಳಗಿನಿಂದ, “ಅಯ್ಯ, ನಂದ ಇರಬೇಕಪ್ಪಾ, ನನಗೇನ ಗೊತ್ತು,” ಎನ್ನುವಳು. ಎಣ್ಣೆ ಕಾಯಿಸಿ ತಿಕ್ಕಿಸುವ ಏರ್ಪಾಡು ಮಾಡಿ ಮುಂದೆ ಹೋಗುವನು. ಜನ ಅವನನ್ನು ಪ್ರೀತಿಸಿದರು. ನನಗೆ ಹೆಮ್ಮೆಯಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಹನ್ನೊಂದನೆಯ ತಿಂಗಳಲ್ಲಿ ಒಂದು ಹೆರಿಗೆ ಮುಗಿಸಿ ಕೈ ತೊಳೆದು ನಾಕಾಕ್ಕೆ ಹೋದರೆ ಶ್ರೀಶೈಲನ ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ತಿಂಗಳ ಡಾಕ್ಟರು ಬಂದಾಗ ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಹೃದಯದ ಒಂದು ಕವಾಟ ಸರಿಯಾಗಿ ತೆರೆಯುವುದಿಲ್ಲ, ಹುಟ್ಟಿನಿಂದ ಇದ್ದಿರಬೇಕು, ದೊಡ್ಡ ಹೆರಿಗೆಯೊಂದು ಬಂದರೆ ತಡೆಯಲಾರದು ಎಂದರು. ನೋವು ಮುರಿಯುವ ಇಂಜೆಕ್ಷನ್ ಇಲ್ಲವೇ ಎಂದು ಕೇಳಿದೆ. ಪೈಲ್ವಾನರ ಕಾಲದಲ್ಲೇ ಅದನ್ನು ಹಾಕಿ ನೋಡಿ ಸೋತಿದ್ದ ಡಾಕ್ಟರು ತಲೆಯಾಡಿಸಿದರು. ಗಾಯವಿದ್ದ ಮೈಯಲ್ಲಿ ನೋವಿಲ್ಲ, ನೋವಿದ್ದ ಮೈಯಲ್ಲಿ ಗಾಯವಿಲ್ಲ, ಸೂಜಿ ಯಾರಿಗೆ ಚುಚ್ಚಲಿ ಎಂದರು.

ದೊಡ್ಡ ಹೆರಿಗೆ ಕಣ್ಣ ಮುಂದೆಯೇ ಇತ್ತು. ಮಲ್ಲಸರ್ಜ ಸಾಹುಕಾರರ ಒಬ್ಬಳೇ ಮಗಳು ಕಸ್ತೂರಿ ಚೊಚ್ಚಲಿಗೆ ತವರಿಗೆ ಬಂದಿದ್ದಳು. ಏಳು ತಿಂಗಳು. ಹೊಟ್ಟೆಯ ಮೇಲೆ ಕಿವಿಯಿಟ್ಟರೆ ನನಗೆ ಎರಡು ಎದೆಬಡಿತ ಕೇಳುತ್ತಿದ್ದವು, ಒಂದು ಕೂಸು ಅಡ್ಡ ಮಲಗಿತ್ತು. ಹೊರಗಿನ ದೊಡ್ಡಾಸ್ಪತ್ರೆಗಳಲ್ಲಿ ಈಚೆಗೆ ಯಾವ ರಾಜ್ಯದ ಕಾರ್ಡು ಇದೆ ಎಂದು ಕೇಳಿ ನಮ್ಮವರನ್ನು ಬಾಗಿಲಿನಿಂದಲೇ ಕಳಿಸತೊಡಗಿದ್ದರು. ಎಲ್ಲವೂ ನನ್ನ ಕೈಯಲ್ಲೇ ಆಗಬೇಕಿತ್ತು, ಮತ್ತು ಎಲ್ಲವೂ ನನ್ನ ತಮ್ಮನ ಮೈಯಲ್ಲಿ.

ಒಂದು ದಾರಿ ಇತ್ತು. ಉಪಾಧ್ಯಕ್ಷರು ಒಪ್ಪಿ ಸಹಿ ಹಾಕಿದರೆ ಅಧ್ಯಕ್ಷರು ರಾಜೀನಾಮೆ ಕೊಡಬಹುದು, ಖುರ್ಚಿ ಅವರಿಗೆ ಹೋಗುತ್ತದೆ ಎಂದು ಸಂವಿಧಾನದಲ್ಲಿತ್ತು. ಸಾಹುಕಾರರಿಗೆ ಬೇಕಾಗಿದ್ದೂ ಖುರ್ಚಿಯೇ ಅಲ್ಲವೇ? ನಾನು ಮಾನ ಮರ್ಯಾದೆ ಬದಿಗಿಟ್ಟು ಗಿರಣಿಗೆ ಹೋದೆ. ಹಿಂಡಿಯ ಚೀಲಗಳ ನಡುವೆ ಅವರು ನಿಂತಿದ್ದರು. ಎಲ್ಲ ಹೇಳಿದೆ. ಸೆರಗೊಡ್ಡಿ ಕೇಳಿದೆ.

“ನೀವ ಅಧ್ಯಕ್ಷರಾಗ್ರಿ ಸಾವ್ಕಾರ್ರ. ನನ್ನ ತಮ್ಮ ಇವತ್ತ ಬರದ ಕೊಡ್ತಾನ. ನಿಮ್ಮದು ಗಟ್ಟಿ ಜೀವ, ತಡೀತೀರಿ.”

ಅವರು ಆಳುಗಳನ್ನೆಲ್ಲ ಹೊರಗೆ ಕಳಿಸಿದರು. ಆಮೇಲೆ ಒಂದು ಚೀಲದ ಮೇಲೆ ಕುಳಿತು ಅಂಗೈ ನೋಡಿಕೊಂಡರು.

“ಚಂಪಕ್ಕಾ, ಒಂದ ಮಾತ ಹೇಳ್ತೀನಿ, ಯಾರ ಮುಂದೂ ಆಡಬ್ಯಾಡ. ಮೊದಲನೇ ಸಲ ನಾ ಖರೇನ ಗೆಲ್ಲಬೇಕಂತ ನಿಂತಿದ್ನಿ. ಅವತ್ತ ಪೈಲ್ವಾನ ಕಟ್ಟಿ ಮ್ಯಾಲಿಂದ ಬಿದ್ದಾಗ ನಾ ಪಕ್ಕದಾಗ ಇದ್ನಿ. ಆ ಮಾರಿ ನೋಡಿದ್ನಿ. ಈ ಸಲ ಸೋಲಬೇಕಂತನ ನಿಂತ್ನಿ. ನನ್ನ ಮತಾನೂ ನಿನ್ನ ತಮ್ಮಗ ಹಾಕೀನಿ, ನನ್ನ ಹೆಂಡ್ತಿ ಕೈಲೂ ಹಾಕ್ಸೀನಿ.”

“ಮತ್ತ ಯಾಕ ನಿಂತ್ರಿ?”

“ಉಪಾಧ್ಯಕ್ಷಗ ಹಾರ ಹಾಕ್ತಾರ, ಮುಂದಿನ ಸಾಲಿನ್ಯಾಗ ಖುರ್ಚಿ ಇಡ್ತಾರ. ಅಷ್ಟ ಸಾಕಿತ್ತು ನನಗ.”

ನನಗೆ ನಗು ಬರಬೇಕೋ ಸಿಟ್ಟು ಬರಬೇಕೋ ತಿಳಿಯಲಿಲ್ಲ. ಎರಡು ಮತದಿಂದ ಗೆದ್ದೆನೆಂದು ನನ್ನ ತಮ್ಮ ಊರಿಗೆಲ್ಲ ಪೇಡಾ ಹಂಚಿದ್ದ.

“ಅವ ಸತ್ರ ಹೆಂಗಿದ್ರೂ ನಿಮಗ ಬರ್ತೈತಿ ಖುರ್ಚಿ,” ಎಂದೆ.

“ಅಷ್ಟರಾಗ ಹೆರಿಗಿ ಮುಗದಿರ್ತೈತಿ,” ಎಂದುಬಿಟ್ಟರು. ಆಡಿದ ಮಾತು ಕಿವಿಗೆ ಬಿದ್ದ ಮೇಲೆ ಅವರ ಮುಖ ಕಪ್ಪಿಟ್ಟಿತು. ಎದ್ದು ಹೋಗಿ ಗಿರಣಿಯ ಗೋಡೆಗೆ ಮುಖ ಮಾಡಿ ನಿಂತರು. ನಾನು ಹೊರಗೆ ಬಂದೆ. ದಾರಿಯುದ್ದಕ್ಕೂ ಅವರಿಗೆ ಬಾಯಿತುಂಬ ಶಾಪ ಹಾಕಿದೆ.

ಹಾಗೇ ಪೈಲ್ವಾನರ ಮನೆಗೆ ಹೋದೆ. ಅವರು ಎತ್ತಿನ ಗಾಡಿಯಿಂದ ಬಿದ್ದು ತೊಡೆ ಮೂಳೆ ಮುರಿದುಕೊಂಡು ಹೊರಸಿನ ಮೇಲಿದ್ದರು. ನೋವು ನನ್ನ ತಮ್ಮನಿಗೆ ಹೋಗುತ್ತಿದ್ದುದರಿಂದ ಶೇಂಗಾ ತಿನ್ನುತ್ತ ಆರಾಮಾಗಿದ್ದರು, ಆದರೆ ಅದಕ್ಕೆ ನಾಚಿಕೆಯೂ ಇತ್ತು. ನನ್ನ ಮಾತೆಲ್ಲ ಕೇಳಿ ಶೇಂಗಾದ ಬುಟ್ಟಿ ಕೆಳಗಿಟ್ಟರು.

“ತಂಗೀ, ಜವಾನ ನನ್ನ ತೋಳ ಹಿಡದಿದ್ದ ನೋಡು, ಹಲ್ಲ ಕಿತ್ತಾಗ. ಅವತ್ತ ನನಗ ಅರ್ಧ ನೋವ ಕಡಿಮಿ ಆತು.”

ನಾನು ಹೊರಸಿನ ಹತ್ತಿರ ಸರಿದೆ.

“ಅವನ ಪಾಲಿಗೆ ಅರ್ಧ ಹೋತು, ಅದಕ್ಕ ಅವ ಹಾರಿದ. ಕೈ ಬಿಟ್ಟ ಕೂಡಲೆ ಮತ್ತ ಎಲ್ಲಾ ನನಗ ಬಂತು.”

“ಐದ ವರ್ಷ ಯಾಕ ಬಾಯಿ ಬಿಡಲಿಲ್ಲ ಅಣ್ಣಾರ?”

“ಪೈಲ್ವಾನ ಅನಿಸ್ಕೊಂಡಂವ, ನನ್ನ ಕೈ ಹಿಡೀರಿ, ನನಗ ತಡಿಯಾಕ ಆಗವಲ್ದು ಅಂತ ಯಾರನ್ನ ಕೇಳ್ಲಿ?” ಎಂದರು. ಅವರ ಕಣ್ಣು ತುಂಬಿತ್ತು. “ನೋವಿಗಿಂತ ಅದ ಜಾಸ್ತಿ ಆಗಿತ್ತವ್ವಾ. ಹತ್ತ ಹೆಜ್ಜಿ ದೂರ ನಿಂತು ಎಲ್ಲಾರೂ ನನ್ನ ನೋಡ್ತಿದ್ರು.”

ನಾನು ನಾಕಾಕ್ಕೆ ಓಡಿದೆ. ಶ್ರೀಶೈಲ ಯಾರದೋ ಅಂಗಿಗೆ ಕಾಜಾ ಹಾಕುತ್ತಿದ್ದ. ಸುದ್ದಿ ಹೇಳಿ ಅವನ ಕೈ ಹಿಡಿಯಲು ಹೋದೆ. ಅವನು ಕೈ ಹಿಂದಕ್ಕೆ ಎಳೆದುಕೊಂಡ.

“ನೀ ಮುಟ್ಟಬ್ಯಾಡ ಅಕ್ಕಾ. ನಿನ್ನ ಕೈ ನಡುಗಿದ್ರ ಆ ಕೂಸಿನ ಗತಿ ಏನು? ನೀ ದವಾಖಾನ್ಯಾಗ ಇರಬೇಕು, ಇಲ್ಲಿ ಅಲ್ಲ.”

“ಹಂಗಾರ ಬ್ಯಾರೆ ಯಾರಿಗರೆ ಹೇಳೂನು. ಊರಾಗ ಡಂಗುರ ಸಾರಸ್ತೀನಿ.”

“ಬ್ಯಾಡ. ಮಂದಿ ನೋವ ಹೊರತೀನಿ ಅಂತ ಪ್ರಮಾಣ ಮಾಡೀನಿ. ಈಗ ಬರ್ರಿ, ಹಂಚ್ಕೊಳ್ರಿ ಅಂತ ಬೇಡಲಿ? ತಾವಾಗಿ ಯಾರರೆ ಬಂದ್ರ ನಾ ಬ್ಯಾಡ ಅನ್ನಂಗಿಲ್ಲ. ಕೇಳಾಕ ಮಾತ್ರ ನನ್ನಿಂದ ಆಗೂದಿಲ್ಲ.”

ನಮ್ಮ ಅಪ್ಪನಿಗೂ ಇದೇ ಹಟವಿತ್ತು. ಮೂರು ದಿನ ಅವನೊಡನೆ ಮಾತು ಬಿಟ್ಟೆ. ಡಂಗುರ ಸಾರಬಾರದೆಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದ. ಆದರೂ ಒಬ್ಬರಿಗೆ ಮಾತ್ರ ಹೇಳಿದೆ. ಕಸ್ತೂರಿಯ ಹೊಟ್ಟೆ ನೋಡಲು ಹೋದಾಗ ಪಡಸಾಲೆಯಲ್ಲಿ ಕುಳಿತಿದ್ದ ಸಾಹುಕಾರರ ಮುಂದೆ ನಿಂತು, ಪೈಲ್ವಾನರು ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಹಚ್ಚಿದ ಎಲೆಗೇ ಮತ್ತೆ ಮತ್ತೆ ಸುಣ್ಣ ಹಚ್ಚಿದರು.

ಎರಡು ತಿಂಗಳು ಹೀಗೇ ಕಳೆಯಿತು. ಒಂದು ಬುಧವಾರ ಬೆಳಿಗ್ಗೆ ಹಾಲು ಹಿಂಡುವ ಹೊತ್ತಿಗೆ ಗಂಟೆ ಬಡಿಯಿತು. ಕಸ್ತೂರಿಗೆ ನಡುವಿನಲ್ಲಿ ಏನೋ ಬಿಗಿದಂತಾಗಿದೆಯಷ್ಟೆ, ಅವಳು ತಾನಾಗಿ ನಡೆದುಕೊಂಡೇ ದವಾಖಾನೆಗೆ ಬಂದಳು. ಅವಳನ್ನು ಮಲಗಿಸಿ ಕಿಟಕಿಯಿಂದ ನೋಡಿದೆ. ನಾಕಾದ ಮುಂದೆ ಜನ ಸೇರುತ್ತಿದ್ದರು. ಹತ್ತು ಹೆಜ್ಜೆ ದೂರದಲ್ಲಿ ಅರ್ಧ ಸುತ್ತು ನಿಂತಿದ್ದರು. ಸಾಹುಕಾರರೂ ಇದ್ದರು. ಅವರು ಜನರಿಗಿಂತಲೂ ಹಿಂದೆ, ಗೋಡೆಗೆ ಒತ್ತಿ ನಿಂತಿದ್ದರು.

ಮೊದಲು ಗಂಟೆ ಸಾವಕಾಶವಾಗಿ ಬರುತ್ತಿತ್ತು. ಒಂದು ಎಳೆತ, ಬಿಡುವು, ಮತ್ತೊಂದು. ಬಿಸಿಲೇರಿದಂತೆ ಬಿಡುವು ಕಡಿಮೆಯಾಯಿತು. ಅಡ್ಡ ಮಲಗಿದ್ದ ಕೂಸನ್ನು ನಾನು ಹೊಟ್ಟೆಯ ಹೊರಗಿನಿಂದ ಒತ್ತಿ ತಿರುಗಿಸುತ್ತಿದ್ದೆ. ಪ್ರತಿ ಸಲ ಒತ್ತಿದಾಗಲೂ ರಸ್ತೆಯಾಚೆ ನನ್ನ ತಮ್ಮನಿಗೆ ಏನಾಗುತ್ತಿದೆ ಎಂದು ಗೊತ್ತಿತ್ತು. ಗೊತ್ತಿದ್ದೂ ಒತ್ತಿದೆ. ಆ ಒಂದು ಮಧ್ಯಾಹ್ನ ನಾನು ಪಟ್ಟ ಸಂಕಟಕ್ಕೆ ನಾಕಾಕ್ಕೆ ಹೋಗುವ ದಾರಿ ಇರಲಿಲ್ಲ, ಅದು ಮೈಯದಾಗಿರಲಿಲ್ಲ.

ಮೊದಲ ಕೂಸಿನ ತಲೆ ಕಾಣಿಸಿತು. “ಗಂಟಿ ಬಂದ್ರ ಜೋರು ಹಾಕು ಮಗಳ,” ಎಂದೆ. ಗಂಟೆ ಒಮ್ಮೆ ಬಡಿಯಿತು. ಅವಳು ಮುಕ್ಕಿರಿದಳು. ಮತ್ತೆ ಗಂಟೆಗಾಗಿ ಕಾದೆವು.

ಬರಲಿಲ್ಲ.

“ಚಿಗವ್ವಾ, ಗಂಟಿ ಯಾಕ ನಿಂತಿತು?” ಎಂದು ಕಸ್ತೂರಿ ಕೇಳಿದಳು. ನನ್ನ ಎರಡೂ ಕೈಯಲ್ಲಿ ಕೂಸಿನ ತಲೆ ಇತ್ತು. ಹೊರಗೆ ಹೆಂಗಸರು ಅಳುವ ಸದ್ದು. ಕೈ ಬಿಟ್ಟು ಓಡಿದರೆ ಇಲ್ಲಿ ಮೂರು ಜೀವ, ಓಡದಿದ್ದರೆ ಅಲ್ಲಿ ನನ್ನ ಬೆನ್ನಿಗೆ ಬಿದ್ದ ತಮ್ಮ. ಅವನಿಗೆ ಅಂಬೆಗಾಲು ಬರುವ ಮೊದಲೇ ಅವ್ವ ಹೋಗಿದ್ದಳು. ಸೊಂಟದ ಮೇಲೆ ಹೊತ್ತು ಬೆಳೆಸಿದ್ದೆ. ನಾನು ಕದಲಲಿಲ್ಲ. ಕಣ್ಣೀರು ಒರೆಸಿಕೊಳ್ಳಲು ಕೈ ಇರಲಿಲ್ಲ.

ಆಗ ಗಂಟೆ ಬಡಿಯಿತು. ಅದು ನನ್ನ ತಮ್ಮನ ಎಳೆತವಲ್ಲ. ಗಂಟೆಯೇ ಕಿತ್ತುಬರುವ ಹಾಗೆ, ತಾಳವಿಲ್ಲದೆ, ಯಾರೋ ಎರಡು ಕೈಯಿಂದ ಜಗ್ಗಿದ ಹಾಗೆ. ಅದರ ಹಿಂದೆಯೇ ಗಂಡಸೊಬ್ಬನ ದನಿ ಊರೆಲ್ಲ ಕೇಳುವಂತೆ ಕೂಗಿತು. “ಯಪ್ಪಾ, ಸಾಯ್ತೀನಿ! ಯಾರರೆ ಬಂದ ನನ್ನ ಕೈ ಹಿಡೀರಿ! ನನಗ ತಡಿಯಾಕ ಆಗವಲ್ದು! ನೋಡ್ಕೋತ ನಿಂತೀರಲ್ಲೋ, ಹಿಡೀರೋ!”

“ನಮ್ಮಪ್ಪ,” ಎಂದಳು ಕಸ್ತೂರಿ.

“ಹೌದು, ನಿಮ್ಮಪ್ಪ. ಹಾಕು ಜೋರು,” ಎಂದೆ. ಮೊದಲ ಕೂಸು ಬಂತು. ಹೆಣ್ಣು.

ಅಲ್ಲಿ ನಡೆದದ್ದನ್ನು ಆಮೇಲೆ ಹತ್ತು ಜನ ಹತ್ತು ಥರ ಹೇಳಿದರು, ಆದರೆ ಎಲ್ಲರೂ ಒಪ್ಪುವ ಭಾಗ ಇದು. ಶ್ರೀಶೈಲನ ಕೈಯಿಂದ ಹಗ್ಗ ಜಾರಿದಾಗ ಯಾರೂ ಅಲುಗಲಿಲ್ಲ. ಗೋಡೆಗೆ ಒತ್ತಿ ನಿಂತಿದ್ದ ಸಾಹುಕಾರರು ಜನರನ್ನು ಬದಿಗೆ ತಳ್ಳಿ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಹೊರಸಿನ ಹತ್ತಿರ ಹೋಗಿ ಅವನನ್ನು ಎರಡೂ ತೋಳಿನಿಂದ ತಬ್ಬಿ ತೊಡೆಯ ಮೇಲೆ ಎಳೆದುಕೊಂಡರು. ಮರುಕ್ಷಣ ಅವರ ಬಾಯಿಂದ ಬಂದ ಕೂಗಿಗೆ ನಾಕಾದ ಹಂಚಿನ ಮೇಲಿದ್ದ ಪಾರಿವಾಳಗಳೆಲ್ಲ ಹಾರಿದವು. ಜವಾನನಂತೆ ಅವರೂ ಓಡುತ್ತಾರೆ ಎಂದು ಎಲ್ಲರೂ ದಾರಿ ಬಿಟ್ಟರು. ಅವರು ಬಿಡಲಿಲ್ಲ, ಅವನನ್ನು ತೊಡೆಯ ಮೇಲೆ ಇಟ್ಟುಕೊಂಡೇ ಹಗ್ಗ ಜಗ್ಗಿದರು. ಅತ್ತರು, ಅಂಗಲಾಚಿದರು, ಬೈದರು. ಪೈಲ್ವಾನರು ಐದು ವರ್ಷ ಕೇಳಲಾರದೆ ಉಳಿದದ್ದನ್ನು, ನನ್ನ ತಮ್ಮ ಸಾವು ಬಂದರೂ ಕೇಳಲಾರದ್ದನ್ನು, ನಮ್ಮ ಊರಿನ ಅತಿ ಪುಕ್ಕಲ ಮನುಷ್ಯ ಎಲ್ಲರ ಮುಂದೆ ಬಾಯಿಬಿಟ್ಟು ಕೇಳಿದರು. ಮೊದಲು ವೆಂಕಣ್ಣ ಮಾಸ್ತರು ಹೋಗಿ ಅವರ ಹೆಗಲು ಹಿಡಿದರಂತೆ. ಹಿಡಿದು ಬಿದ್ದರಂತೆ, ಬಿದ್ದರೂ ಬಿಡಲಿಲ್ಲವಂತೆ. ಮಾಸ್ತರ ಹಿಂದೆ ಅವರ ಹಳೆಯ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ.

ನನಗೆ ಇದೊಂದೂ ಗೊತ್ತಿರಲಿಲ್ಲ. ಗೊತ್ತಾಗುತ್ತಿದ್ದುದು ಗಂಟೆಯಿಂದ ಮಾತ್ರ. ಹುಚ್ಚುಹುಚ್ಚಾಗಿ ಬರುತ್ತಿದ್ದ ಅದು ಬರಬರುತ್ತ ಹದಕ್ಕೆ ಬಂತು. ಎಳೆತ, ಬಿಡುವು, ಎಳೆತ. ಕೂಗು ನರಳಿಕೆಯಾಯಿತು, ನರಳಿಕೆ ಮಾತಾಯಿತು. ಎರಡನೆಯ ಕೂಸು, ನಾನು ತಿರುಗಿಸಿದ್ದು, ಕಾಲು ಮುಂದೆ ಮಾಡಿ ಬರುವ ಹಟದಲ್ಲಿತ್ತು. ಮುಕ್ಕಾಲು ತಾಸು ಅದರೊಡನೆ ಗುದ್ದಾಡಿದೆ. ಗಂಟೆ ಒಮ್ಮೆಯೂ ತಪ್ಪಲಿಲ್ಲ. ಕೊನೆಗೆ ಅದೂ ಬಂತು, ಗಂಡು, ನೀಲಿ ಬಣ್ಣಕ್ಕಿತ್ತು. ಬೆನ್ನಿಗೆ ಎರಡು ಏಟು ಹಾಕಿದ ಮೇಲೆ ಸಿಟ್ಟಿನಿಂದ ಅತ್ತಿತು.

ಕೂಸುಗಳನ್ನು ಕಸ್ತೂರಿಯ ಅವ್ವನ ಮಡಿಲಿಗೆ ಹಾಕಿ ನಾನು ಹೊರಗೆ ಓಡಿದೆ. ಓಡಲು ಜಾಗವಿರಲಿಲ್ಲ. ದವಾಖಾನೆಯ ಹೊಸ್ತಿಲಿನಿಂದಲೇ ಜನ ಸಾಲು ನಿಂತಿದ್ದರು. ಒಬ್ಬರ ಹೆಗಲ ಮೇಲೆ ಇನ್ನೊಬ್ಬರ ಕೈ. ಸಾಲು ಮೆಟ್ಟಿಲಿಳಿದು, ರಸ್ತೆ ದಾಟಿ, ಬಾವಿಕಟ್ಟೆ ಸುತ್ತಿ, ನಾಕಾದ ಬಾಗಿಲೊಳಗೆ ಹೋಗಿತ್ತು. ಪೈಲ್ವಾನರನ್ನು ಹೊರಸು ಸಮೇತ ತಂದು ಸಾಲಿನ ನಡುವೆ ಇಟ್ಟಿದ್ದರು. ಅವರು ಮಲಗಿಕೊಂಡೇ ಮುಂದಿನವನ ಪಂಚೆಯ ಚುಂಗು ಸರಿಸಿ ಮೀನಖಂಡ ಹಿಡಿದಿದ್ದರು. ಹಿಂದಿನವಳು ಅವರ ಒಳ್ಳೆಯ ಕಾಲಿನ ಬೆರಳು ಹಿಡಿದಿದ್ದಳು. ಬೆರಳು ಜಜ್ಜಿಕೊಂಡ ಇಪ್ಪತ್ತೆರಡು ಮಂದಿಯೂ ಇದ್ದರು. ಎಲ್ಲರೂ ಯಾವುದೋ ಲೆಕ್ಕ ಮನಸ್ಸಿನಲ್ಲೇ ಮಾಡುತ್ತಿರುವವರ ಹಾಗೆ ಹುಬ್ಬು ಗಂಟಿಕ್ಕಿ ನಿಂತಿದ್ದರು.

ಸಾಲಿನ ಕೊನೆಯಲ್ಲಿ, ನನ್ನ ಹೊಸ್ತಿಲ ಮೇಲೆ, ಬಳೆ ಮಾರುವ ಹುಸೇನಬಿ ಇದ್ದಳು. ಹೆರಿಗೆಯಾದರೂ ಬೇನೆ ಪೂರಾ ನಿಂತಿರುವುದಿಲ್ಲ, ಗರ್ಭ ಕುಗ್ಗುವಾಗ ಹಿಂಡುತ್ತದೆ. ಅದು ಇನ್ನೂ ನಡೆದಿತ್ತು. ನಾನು ಒದ್ದೆ ಕೈಯನ್ನು ಅವಳ ಹೆಗಲ ಮೇಲಿಟ್ಟೆ. ಮುನ್ನೂರು ಹೆರಿಗೆ ಮಾಡಿಸಿದ ಕೈ. ನನಗೆ ಮಕ್ಕಳಾಗಿಲ್ಲ, ಅದು ಹೇಗಿರುತ್ತದೆಂದು ನಾನು ಅರಿಯೆ. ಹಲ್ಲು ಕಚ್ಚಿ ಕಾದೆ.

ಇರುವೆ ಕಚ್ಚಿದಷ್ಟು ಆಯಿತು.

“ಇಷ್ಟ ಏನ?” ಎಂದೆ.

“ಇಷ್ಟ ನೋಡ್ರಿ ಅಕ್ಕಾ,” ಎಂದಳು ಹುಸೇನಬಿ. “ನನಗೂ ನಂಬಿಕಿ ಬರವಲ್ದು.”

“ನನ್ನ ತಮ್ಮ?” ಎಂದು ಕೇಳಿದೆ. ಅವಳಿಗೆ ಗೊತ್ತಿರಲಿಲ್ಲ. ಮುಂದಿನವಳನ್ನು ಕೇಳಿದಳು. ಅವಳು ಅವಳ ಮುಂದಿನವನನ್ನು ಕೇಳಿದಳು. ನನ್ನ ಪ್ರಶ್ನೆ ರಸ್ತೆ ದಾಟಿ, ಬಾವಿಕಟ್ಟೆ ಸುತ್ತಿ, ಪೈಲ್ವಾನರ ಹೊರಸಿನ ಮೇಲಿಂದ ಹಾಯ್ದು ನಾಕಾದೊಳಗೆ ಹೋಯಿತು. ಯಾರೂ ಕೈ ಬಿಟ್ಟು ಓಡಲು ಸಿದ್ಧರಿರಲಿಲ್ಲ, ಅದಕ್ಕೇ ಅಷ್ಟು ಹೊತ್ತು ಹಿಡಿಯಿತು. ಆಮೇಲೆ ಅದೇ ದಾರಿಯಲ್ಲಿ ಬಾಯಿಂದ ಬಾಯಿಗೆ ಉತ್ತರ ಬಂತು. ಹುಸೇನಬಿ ಕೇಳಿಸಿಕೊಂಡು ನನ್ನ ಕಡೆ ಕತ್ತು ಹೊರಳಿಸಿದಳು.

“ಎರಡೂ ಕೂಸು ಅತ್ತವೇನು ಅಂತ ಕೇಳಾಕತ್ತಾರಂತ್ರಿ ಅಧ್ಯಕ್ಷರು. ಉಪಾಧ್ಯಕ್ಷರು, ಮಗಳು ಹೆಂಗದಾಳ ಅಂತಾರಂತ.”

ನಾನು ಹುಸೇನಬಿಯ ಬೆನ್ನಿಗೆ ಹಣೆಯಿಟ್ಟು ಅತ್ತೆ. ಎಷ್ಟೋ ಹೊತ್ತು ಅತ್ತೆ. “ಎರಡೂ ಅತ್ತವು ಅಂತ ಹೇಳ. ಮಗಳು ಗಟ್ಟಿ ಅದಾಳ ಅಂತ ಹೇಳ. ಅಜ್ಜ ಆದೀರಿ ಅಂತ ಹೇಳ,” ಎಂದೆ. ಮಾತು ಸಾಲಿನುದ್ದಕ್ಕೂ ಹೋಗುತ್ತಿದ್ದಂತೆ ಜನ ಒಬ್ಬೊಬ್ಬರಾಗಿ ನಗತೊಡಗಿದರು, ಕೈ ಮಾತ್ರ ತೆಗೆಯಲಿಲ್ಲ.

ಆಗ ನನ್ನ ಹೆಗಲ ಮೇಲೆ ಒಂದು ಕೈ ಬಿತ್ತು. ತಿರುಗಿ ನೋಡಿದರೆ ಕಸ್ತೂರಿ. ಹೆತ್ತು ಇನ್ನೂ ಅರ್ಧ ತಾಸು ಆಗಿಲ್ಲ, ಬಾಗಿಲ ಚೌಕಟ್ಟು ಹಿಡಿದುಕೊಂಡು ಎದ್ದು ಬಂದಿದ್ದಾಳೆ.

“ನನ್ನ ಬ್ಯಾನಿ ಊರ ಮಂದಿ ಎಲ್ಲಾ ಉಣ್ಣಾಕತ್ತಾರಂತ. ನನಗೂ ಒಂದೀಟ ಇರಲಿ ಚಿಗವ್ವಾ,” ಎಂದಳು.

ಹೋಗಿ ಮಲಗು ಎಂದು ಬೈಯಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಆ ಇರುವೆಯ ಕಡಿತ ಇನ್ನೂ ಒಂದಿಷ್ಟು ಸಣ್ಣದಾಯಿತು.